ಇನ್ನೂರರ ಗೆರೆ

ನಮ್ಮೂರಿಗೆ ಹೊಸದಾಗಿ ಬಂದ ನೆಂಟರು ಮೊದಲ ದಿನ ನಮ್ಮನ್ನು ಜಿಪುಣರು ಅಂದುಕೊಳ್ಳುತ್ತಾರೆ. ಅವರದೇನೂ ತಪ್ಪಿಲ್ಲ ಬಿಡಿ. ಕಾಫಿಯಾಗಲಿ ಮಜ್ಜಿಗೆಯಾಗಲಿ, ನಾವು ಲೋಟದ ಅಂಚಿಗೆ ಒಂದು ಬೆರಳು ಬಿಟ್ಟೇ ಬಗ್ಗಿಸುವುದು. ಒಬ್ಬರು ಇನ್ನೊಬ್ಬರಿಗೆ ಅಂತ ಬಗ್ಗಿಸಿದರೆ ಅದು ಸ್ವಲ್ಪ ಏರುತ್ತದೆ, ಲೋಟ ಅವರ ಕೈಗೆ ಹೋಗುವಷ್ಟರಲ್ಲಿ ತುಂಬಿಕೊಳ್ಳುತ್ತದೆ. ಆ ಒಂದು ಬೆರಳು ಬಿಡದೆ ಹೋದರೆ ಬಂದವರ ಪಂಚೆ ಒದ್ದೆಯಾಗುತ್ತದೆ. ತನಗೆ ತಾನೇ ಬಗ್ಗಿಸಿಕೊಂಡರೆ ಮಾತ್ರ ಇಳಿಯುತ್ತದೆ, ಮತ್ತೆ ಮತ್ತೆ ಬಗ್ಗಿಸಿಕೊಂಡರೆ ಇನ್ನೂ ಇಳಿಯುತ್ತದೆ. ಅದಕ್ಕೇ ನಮ್ಮಲ್ಲಿ ಯಾರೂ ತಮಗೆ ತಾವೇ ಬಗ್ಗಿಸಿಕೊಳ್ಳುವುದಿಲ್ಲ. ಮನೆಯಲ್ಲಿ ಒಬ್ಬರೇ ಇದ್ದರೆ ಚೊಂಬು ಲೋಟ ಹಿಡಿದುಕೊಂಡು ಪಕ್ಕದ ಮನೆಗೆ ಹೋಗಿ "ಒಂಚೂರು ಬಗ್ಗಿಸಿಕೊಡ್ರೀ" ಅನ್ನುವುದು, ಅವರು ಒಲೆ ಮೇಲಿನದು ಸೀದುಹೋದರೂ ಎದ್ದು ಬಂದು ಬಗ್ಗಿಸಿಕೊಡುವುದು ಹಿಂದಿನಿಂದ ನಡೆದುಬಂದ ಪದ್ಧತಿ. ಯಾಕೆ ಹೀಗೆ ಅಂತ ನನ್ನನ್ನು ಕೇಳಬೇಡಿ. ನಾನು ಮೂರನೇ ಕ್ಲಾಸಿನ ಟೀಚರು, ನನಗೆ ಮೂರನೇ ಕ್ಲಾಸಿನ ಪುಸ್ತಕದಲ್ಲಿ ಇರುವಷ್ಟೇ ಗೊತ್ತು.

ಎಷ್ಟು ಏರುತ್ತದೆ ಅಂತ ಮೊದಲೆಲ್ಲ ಯಾರೂ ಅಳೆದಿರಲಿಲ್ಲ. ನಮ್ಮ ಪಾತ್ರೆಗಳೆಲ್ಲ ಹಿತ್ತಾಳೆ, ಸ್ಟೀಲು, ಒಳಗೆ ಎಷ್ಟಿದೆ ಅಂತ ಹೊರಗಿನಿಂದ ಕಾಣುವುದಿಲ್ಲ. ಹಾಲಿನವನು ಪಾವು, ಅರೆಪಾವು ಅಂತ ಅಳೆದು ಮೇಲೊಂದಿಷ್ಟು ಕೊಸರು ಹಾಕುತ್ತಿದ್ದ, ಅಷ್ಟಕ್ಕೇ ಎಲ್ಲರಿಗೂ ಸಮಾಧಾನ. ಅವಳ ಕೈಗುಣ ಒಳ್ಳೇದು, ಇವನ ಕೈ ಸ್ವಲ್ಪ ಬಿಗಿ ಅಂತ ಬಾಯಿಮಾತಿಗೆ ಅಂದುಕೊಳ್ಳುತ್ತಿದ್ದೆವೇ ಹೊರತು ಅದನ್ನು ಅಂಕಿಯಲ್ಲಿ ಹಿಡಿದವರಿಲ್ಲ. ಹಿಡಿದವಳು ನಾನು, ಪಂಕಜಾಕ್ಷಿ. ಮಕ್ಕಳ ಬಾಯಲ್ಲಿ ಪಂಕಜ ಮಿಸ್. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಆ ವರ್ಷ ಗಣಿತದ ಪುಸ್ತಕ ಬದಲಾಯಿತು. ಏಳನೇ ಪಾಠ ಲೀಟರ್ ಮತ್ತು ಮಿಲಿಲೀಟರ್. ಪುಸ್ತಕದ ಜೊತೆಗೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯೂ ಬಂತು. ಬಿಚ್ಚಿ ನೋಡಿದರೆ ಕೆಂಪು ಗೆರೆ ಹಾಕಿದ ಪ್ಲಾಸ್ಟಿಕ್ ಜಾರುಗಳು. ಆಚೆಯದು ಈಚೆಗೆ ಕಾಣುತ್ತದೆ, ಒಂದು ಲೀಟರಿನದು, ಅರ್ಧ ಲೀಟರಿನದು. ಅದರ ಜೊತೆಗೆ ಮಕ್ಕಳು ಮನೆಗೆ ತೆಗೆದುಕೊಂಡು ಹೋಗುವುದಕ್ಕೆ ತಲೆಗೆರಡರ ಹಾಗೆ ಸಣ್ಣ ಅಳತೆ ಕಪ್ಪುಗಳು. ಮಕ್ಕಳ ಕೈಗೆ ಸಿಕ್ಕುವ ಮೊದಲು ನಾನೇ ಒಂದನ್ನು ಕಣ್ಣೆದುರು ಹಿಡಿದು ಕಿಟಕಿಯ ಕಡೆ ನೋಡಿದೆ. ಚಂದ ಇತ್ತು, ಸುಳ್ಳು ಯಾಕೆ ಹೇಳಲಿ.

ಜಗುಲಿಯ ಮೇಲೆ ಬಕೆಟ್ಟಿನ ಸುತ್ತ ಮೂವತ್ತೊಂದು ಮಕ್ಕಳನ್ನೂ ಕೂರಿಸಿಕೊಂಡೆ. "ಒಂದು ಲೀಟರು ಅಂದ್ರೆ ಎಷ್ಟು, ಯಾರು ಹೇಳ್ತೀರಿ?" ಅಂದೆ. "ಪೆಟ್ರೋಲು ಮಿಸ್" ಅಂದ ಉಲ್ಲಾಸ. ಅವನಿಗೆ ಅವರಪ್ಪನ ಗಾಡಿ ಬಿಟ್ಟರೆ ಬೇರೆ ಪ್ರಪಂಚವಿಲ್ಲ. ನಸೀಮಾ ತನ್ನ ನೀರಿನ ಬಾಟಲಿ ಎತ್ತಿ ತೋರಿಸಿದಳು, ಅದನ್ನು ಜಾರಿಗೆ ಹುಯ್ದು ನೋಡಿದರೆ ಮುಕ್ಕಾಲು ಲೀಟರೇ ಇತ್ತು, ಪಾಪ ಅವಳ ಮುಖ ಬಾಡಿಹೋಯಿತು. ಆಮೇಲೆ ಒಂದು ಮಿಲಿಲೀಟರ್ ಅಂದರೆ ಎಷ್ಟು ಅಂತ ಕಿವಿಗೆ ಹಾಕುವ ಔಷಧಿಯ ಫಿಲ್ಲರಿನಲ್ಲಿ ಅವಳ ಅಂಗೈಗೆ ಇಪ್ಪತ್ತು ಹನಿ ಎಣಿಸಿ ಬಿಟ್ಟೆ. "ಇಷ್ಟೇನಾ ಮಿಸ್?" ಅಂತ ಎಲ್ಲರೂ ಬಗ್ಗಿ ಬಗ್ಗಿ ನೋಡಿದರು. ಟೀ ಚಮಚಕ್ಕೆ ಐದು, ಕೆಮ್ಮಿನ ಔಷಧಿಯ ಮುಚ್ಚಳಕ್ಕೆ ಹತ್ತು, ಅಂಥ ಮುಚ್ಚಳ ನೂರು ಸೇರಿದರೆ ಒಂದು ಲೀಟರು. ನೂರು ಮುಚ್ಚಳ ಎಣಿಸಿಯೇ ನೋಡುತ್ತೇವೆ ಅಂತ ಹಟ ಹಿಡಿದು ಎಣಿಸಿದರು, ಎಪ್ಪತ್ತಕ್ಕೆ ಲೆಕ್ಕ ತಪ್ಪಿ ಜಗಳವಾಡಿ ಮತ್ತೆ ಒಂದರಿಂದ ಶುರು ಮಾಡಿದರು.

"ನೀರು ಎಲ್ಲಿದೆಯೋ ನಿಮ್ಮ ಕಣ್ಣು ಅಲ್ಲಿಗೆ ಬರಬೇಕು. ಮೇಲಿಂದ ನೋಡಿದ್ರೆ ತಪ್ಪು ಕಾಣುತ್ತೆ" ಅಂತ ಹೇಳಿಕೊಟ್ಟೆ. ಹೇಳಿದ್ದೇ ತಡ, ಮೂವತ್ತೊಂದು ಜನವೂ ಜಗುಲಿಯ ಮೇಲೆ ಬೋರಲು ಮಲಗಿ ಗಲ್ಲ ನೆಲಕ್ಕೆ ಊರಿ ಜಾರಿನ ಗೆರೆ ನೋಡತೊಡಗಿದರು. ಆ ಕಡೆ ಹಾದುಹೋದ ಹೆಡ್ ಮಾಸ್ಟರು ಯಾರಿಗೇನಾಯಿತೋ ಅಂತ ಓಡಿ ಬಂದರು.

ತೊಂದರೆ ಶುರುವಾದದ್ದು ಹಂಚುವಾಗ. ಒಂದು ಲೀಟರನ್ನು ನಾಲ್ಕು ಕಪ್ಪಿಗೆ ಸಮನಾಗಿ ಹಂಚಿದರೆ ತಲಾ ಇನ್ನೂರೈವತ್ತು ಮಿಲಿಲೀಟರ್ ಬರಬೇಕು ಅಂತ ಪುಸ್ತಕದಲ್ಲಿದೆ. ಉಲ್ಲಾಸ ತನ್ನ ನಾಲ್ಕು ಜನ ಗೆಳೆಯರ ಕಪ್ಪಿಗೆ ಬಗ್ಗಿಸಿದ, ಎಲ್ಲ ಮತ್ತೆ ಕೂಡಿಸಿದರೆ ಒಂದು ಲೀಟರ್ ಮೂವತ್ತೆಂಟು. ಅವರವರ ಕಪ್ಪಿಗೆ ಅವರವರೇ ಬಗ್ಗಿಸಿಕೊಂಡರೆ ಕಮ್ಮಿ ಬಂತು. ಪುಸ್ತಕ ಬರೆದವರು ನಮ್ಮೂರಿನವರಲ್ಲ, ಅವರಿಗೇನು ಗೊತ್ತು. ನಾನು ಹಣೆ ಚಚ್ಚಿಕೊಳ್ಳುತ್ತ ಕೂತಿದ್ದಾಗ ಹಂಸವೇಣಿ ಎದ್ದು ನಿಂತಳು. "ಮಿಸ್, ಯಾರಿಗೂ ಅಂತ ಬಗ್ಗಿಸೋದು ಬ್ಯಾಡ. ಸುಮ್ನೆ ಬಕೆಟ್ಟಿಗೆ ಅಂತ ಬಗ್ಗಿಸಿದ್ರೆ?" ಹಾಗೇ ಮಾಡಿದೆವು. ಬಕೆಟ್ಟಿಗೆ ಅಂತ ಮನಸ್ಸಲ್ಲಿ ಅಂದುಕೊಂಡು ಬಗ್ಗಿಸಿದರೆ ನೀರು ಏರಲೂ ಇಲ್ಲ, ಇಳಿಯಲೂ ಇಲ್ಲ. ಇನ್ನೂರು ಇನ್ನೂರೇ. ನನ್ನ ಕಷ್ಟ ಬಗೆಹರಿಯಿತು ಅಂತ ಅವಳ ಬೆನ್ನು ತಟ್ಟಿದೆ.

ಈ ಹಂಸವೇಣಿ ಲೈನ್‌ಮ್ಯಾನ್ ಕರಿಯಣ್ಣನ ಮಗಳು. ಎಂಟು ವರ್ಷ. ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ಕರಿಯಣ್ಣ ಎಂಟು ತಿಂಗಳ ಹಿಂದೆ ಹೊಳೆಯಾಚೆಯ ದೂರದ ಊರಿನಿಂದ ಮಂಗಳಗೌರಿ ಅನ್ನುವ ಹೆಣ್ಣನ್ನು ಮದುವೆಯಾಗಿ ಕರೆತಂದಿದ್ದ. ತಂದ ಒಂದೇ ವಾರಕ್ಕೆ ಅವನಿಗೆ ಅಣೆಕಟ್ಟಿನ ಲೈನಿಗೆ ಡ್ಯೂಟಿ ಹಾಕಿದರು, ಭಾನುವಾರ ಬಂದು ಸೋಮವಾರ ನಸುಕಿಗೆ ಹೋಗುತ್ತಿದ್ದ. ಉಳಿದ ಆರು ದಿನ ಮನೆಯಲ್ಲಿ ಈ ಮಗು, ಆ ಚಿಕ್ಕಮ್ಮ, ಇಬ್ಬರೇ.

ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನನಗೆ ಒಂದು ಹೆಚ್ಚಿನ ಬುದ್ಧಿ ಹೊಳೆಯಿತು. ಕಳೆಯುವ ಲೆಕ್ಕವೂ ಬರಲಿ, ಅಳತೆಯೂ ಬರಲಿ ಅಂತ ಮನೆಪಾಠ ಕೊಟ್ಟೆ. "ಒಂದು ಕಪ್ಪಲ್ಲಿ ಇನ್ನೂರರ ಗೆರೆ ತನಕ ಹಾಲೋ ನೀರೋ ತುಂಬ್ಕೊಳ್ಳಿ. ಮನೇಲಿ ಯಾರಾದ್ರೂ ಅದನ್ನ ಇನ್ನೊಂದು ಕಪ್ಪಿಗೆ ನಿಮಗೆ ಅಂತ ಬಗ್ಗಿಸಲಿ. ಎಷ್ಟು ಏರ್ತು ಅಂತ ಬರ್ಕೊಂಡು ಬನ್ನಿ." ಗೋಡೆಗೆ ಒಂದು ಚಾರ್ಟೂ ಅಂಟಿಸಿದೆ. ಮಗುವಿನ ಹೆಸರು, ಬಗ್ಗಿಸಿದವರು, ಏರಿದ್ದು, ಹೀಗೆ ಮೂರು ಕಾಲಂ, ಬಣ್ಣದ ಪೆನ್ಸಿಲಿನಲ್ಲಿ. ಅಂಥ ಚಾರ್ಟು ಜಿಲ್ಲೆಯಲ್ಲೇ ಇರಲಿಲ್ಲ ಅಂತ ನನಗೆ ಜಂಬ.

ಮರುದಿನದಿಂದ ಊರಿಗೇ ಹುಚ್ಚು ಹಿಡಿಯಿತು. ಉಲ್ಲಾಸನ ಅಜ್ಜಿ ಮೂವತ್ತೊಂದು ಏರಿಸಿದಳಂತೆ. ನಸೀಮಾಳ ಅಮ್ಮ ಇಪ್ಪತ್ತೆರಡು, ಅವಳ ಅಣ್ಣ ಮಾತ್ರ ಆರು, ಆ ಆರಕ್ಕೆ ಮನೆಯಲ್ಲಿ ರಾದ್ಧಾಂತ. ತಾಯಂದಿರು ಗೇಟಿನ ಹತ್ತಿರ ಬಂದು ಚಾರ್ಟು ನೋಡಿ ಹೋಗುತ್ತಿದ್ದರು. ಕಮ್ಮಿ ಬಂದವರು ಕಪ್ಪೇ ಸರಿಯಿಲ್ಲ ಅಂತ ನನ್ನ ಮೇಲೆ ಹರಿಹಾಯುತ್ತಿದ್ದರು.

ನಮ್ಮ ಮನೆ ಮಾತ್ರ ಏನು ಹೊರತೇ. ನಮ್ಮ ಮನೆಯವರು ಪೋಸ್ಟ್ ಆಫೀಸಿನಿಂದ ರಿಟೈರಾಗಿ ಮನೆಯಲ್ಲೇ ಇದ್ದಾರೆ, ಬೆಳಗಿನ ಕಾಫಿ ನನಗೆ ಅವರೇ ಬಗ್ಗಿಸಿಕೊಡುವುದು. ಒಂದು ದಿನ ಸುಮ್ಮನಿರಲಾರದೆ ಅಳೆದೆ. ಇನ್ನೂರ ಮೂರು. ಇಪ್ಪತ್ತಾರು ವರ್ಷ ಸಂಸಾರ ಮಾಡಿ ಮೂರು ಮಿಲಿಲೀಟರ್. "ಏನ್ರೀ ಇದು, ಅರ್ಧ ಚಮಚ ಕಾಫಿಗೆ ನಿಮ್ಮ ಜೊತೆ ಬಾಳಿದ್ದಾ ನಾನು?" ಅಂದೆ. ಅವರು ಪೇಪರ್ ಮಡಚಿಟ್ಟು, ಕಪ್ಪು ತೆಗೆದುಕೊಂಡು, "ಎಲ್ಲಿ, ನೀನು ನಂಗೆ ಬಗ್ಗಿಸು ನೋಡೋಣ" ಅಂದರು. ಇನ್ನೂರ ನಾಲ್ಕು ಬಂತು. "ಒಂದು ಎಂ.ಎಲ್. ಜಾಸ್ತಿ ಇದೀಯ, ಸಂತೋಷವಾಯ್ತಾ?" ಅಂತ ಕೇಳಿ ಮತ್ತೆ ಪೇಪರ್ ಬಿಡಿಸಿದರು. ನಾನು ಮೂರು ದಿನ ಮಾತಾಡಲಿಲ್ಲ.

ಹಂಸವೇಣಿಯ ಸಾಲಿನಲ್ಲಿ ಮೊದಲ ದಿನ, ಚಿಕ್ಕಮ್ಮ, ಸೊನ್ನೆ. ಎರಡನೇ ದಿನ ಸೊನ್ನೆ. ಭಾನುವಾರ ಅಪ್ಪ, ಇಪ್ಪತ್ತಾರು. ಸೋಮವಾರ ಮತ್ತೆ ಚಿಕ್ಕಮ್ಮ, ಸೊನ್ನೆ. ಈ ಮಗು ಸುಳ್ಳು ಬರೆಯುವಂಥದ್ದಲ್ಲ, ಗೆರೆ ಓದುವುದರಲ್ಲಿ ಕ್ಲಾಸಿಗೇ ಮುಂದು. ನಾನು ಅಂಕಿ ನೋಡಿದೆ, ಅಳತೆ ಸರಿಯಿದೆಯಲ್ಲ ಅಂತ ಪ್ರತಿ ಸೊನ್ನೆಯ ಪಕ್ಕವೂ ಕೆಂಪು ಇಂಕಿನಲ್ಲಿ ಸರಿ ಅಂತ ಗುರುತು ಹಾಕಿದೆ. ಮಂಗಳಗೌರಿ ಹೊಳೆಯಾಚೆಯಿಂದ ಬಂದವಳು, ಊರಿನ ನೀರಿಗೆ ಅವಳ ಕೈ ಇನ್ನೂ ಗುರುತಾಗಿಲ್ಲ ಅಂತ ಕೆಲವರು ಅಂದರು. ಮಲತಾಯಿ ಅಂದ ಮೇಲೆ ಇನ್ನೇನು ಅಂತ ಕೆಲವರು ಮೂಗು ಮುರಿದರು. ಗೇಟಿನ ಹತ್ತಿರ ಆಡಿದ್ದು ಮಕ್ಕಳ ಕಿವಿಗೆ ಬೀಳುವುದಿಲ್ಲ ಅಂದುಕೊಳ್ಳುವ ದಡ್ಡರು ನಾವು.

ಆರನೇ ದಿನ ಊಟದ ಬಿಡುವಿನಲ್ಲಿ ಅವಳೊಬ್ಬಳೇ ಚಾರ್ಟಿನ ಮುಂದೆ ನಿಂತಿದ್ದಳು. "ಮಿಸ್, ಚಿಕ್ಕಮ್ಮ ನಂಗೆ ಬಗ್ಗಿಸೋದು ಬಕೆಟ್ಟಿಗೆ ಬಗ್ಗಿಸಿದಂಗೆ" ಅಂದಳು.

"ಯಾರೇ ಹಂಗಂದೋರು?" ಅಂತ ಗದರಿದೆ.

"ಯಾರೂ ಅನ್ನಲಿಲ್ಲ. ನಾನೇ ಅಳೆದೆ." ಚಾರ್ಟಿನ ಕಡೆಯೇ ನೋಡುತ್ತ ಕೇಳಿದಳು, "ನಮ್ಮಮ್ಮ ಬಗ್ಗಿಸಿದ್ರೆ ಎಷ್ಟು ಏರ್ತಿತ್ತು ಮಿಸ್?"

"ತುಂಬಾ ಏರ್ತಿತ್ತು ಕಣೇ."

"ತುಂಬಾ ಅಂದ್ರೆ ಎಷ್ಟು ಎಂ.ಎಲ್.?"

ಆ ತಾಯಿ ಇದ್ದಾಗ ಯಾರೂ ಅಳೆದಿರಲಿಲ್ಲ, ಇನ್ನು ಮೇಲೆ ಅಳೆಯುವುದಕ್ಕೂ ಆಗುವುದಿಲ್ಲ. ಅವಳು ನೀರು ಕುಡಿಯಲು ಹೊರಗೆ ಹೋದ ಮೇಲೆ ಚಾರ್ಟನ್ನು ಕಿತ್ತು ಮಡಚಿ ಬೀರುವಿನ ಹಿಂದೆ ತುರುಕಿದೆ. ನಾಳೆಯಿಂದ ಈ ಮನೆಪಾಠ ಬೇಡ ಅಂತ ಎಲ್ಲರಿಗೂ ಹೇಳಿದೆ. ಮಕ್ಕಳು ಮೂರು ದಿನಕ್ಕೆ ಮರೆತರು.

ಹಂಸವೇಣಿ ಮರೆಯಲಿಲ್ಲ. ನೋಟ್‌ಬುಕ್ಕಿನಲ್ಲಿ ದಿನವೂ ಬರೆದು ತಂದು ನನ್ನ ಮೇಜಿನ ಮೇಲೆ ಇಡುತ್ತಿದ್ದಳು. ಬಗ್ಗಿಸಿದವರು ಅನ್ನುವ ಕಡೆ ಈಗ ಚಿಕ್ಕಮ್ಮನ ಬದಲು "ನಾನೇ" ಅಂತ ಇತ್ತು. ಬೆಳಗಿನ ಹಾಲು ಇನ್ನೂರರಲ್ಲಿ ನೂರಾ ತೊಂಬತ್ತೆರಡು ಉಳಿಯಿತು. ಮರುದಿನ ನೂರಾ ಎಂಬತ್ತೈದು. ಆಮೇಲೆ ನೂರಾ ಎಪ್ಪತ್ತೊಂಬತ್ತು. ಸ್ಕೂಲಿನಲ್ಲಿ ನಸೀಮಾ ಬಗ್ಗಿಸಿದ ನೀರು ಕುಡಿಯುತ್ತಾಳೆ, ಮನೆಯಲ್ಲಿ ಚಿಕ್ಕಮ್ಮನ ಕೈಯದು ಮುಟ್ಟುವುದಿಲ್ಲ. ಬುದ್ಧಿ ಹೇಳಿದೆ, ಬೈದೆ, ಮುದ್ದು ಮಾಡಿದೆ. "ಹಾಲು ನಂದು, ನಾನೇ ಬಗ್ಗಿಸ್ಕೋತೀನಿ ಮಿಸ್" ಅಂತ ತಲೆ ತಗ್ಗಿಸಿ ಹೇಳುತ್ತಿದ್ದಳು, ಒರಟಾಗಿ ಒಂದು ದಿನವೂ ಮಾತಾಡಲಿಲ್ಲ. ತಮಗೆ ತಾವೇ ಬಗ್ಗಿಸಿಕೊಳ್ಳುವುದು ಒಮ್ಮೆ ರೂಢಿಯಾದರೆ ಆಮೇಲೆ ಅವರು ಯಾರ ಮುಂದೆಯೂ ಲೋಟ ಹಿಡಿಯುವುದಿಲ್ಲ ಅಂತ ನಮ್ಮ ಕಡೆ ಹಿರಿಯರಿಗೆ ಭಯ. ಅಂಥ ಒಬ್ಬಿಬ್ಬರನ್ನು ನಾನೂ ನೋಡಿದ್ದೇನೆ, ಕೊನೆಕೊನೆಗೆ ಬಾಗಿಲು ಹಾಕಿಕೊಂಡು ಕೂತುಬಿಟ್ಟರು. ಎಂಟು ವರ್ಷದ ಮಗು ಆ ದಾರಿ ಹಿಡಿದದ್ದು ನನ್ನ ಪಾಠದಿಂದ. ಹದಿಮೂರನೇ ದಿನ, ಬುಧವಾರ, ನೋಟ್‌ಬುಕ್ಕಿನಲ್ಲಿ ನೂರಾ ನಲವತ್ತು ಅಂತ ಇತ್ತು.

ಗುರುವಾರ ಸ್ಕೂಲು ಬಿಟ್ಟ ಮೇಲೆ ಅವಳ ಜೊತೆಯಲ್ಲೇ ಅವರ ಮನೆಗೆ ಹೋದೆ. ಕರೆಂಟು ಆಫೀಸಿನ ಹಿಂದಿನ ಸಾಲುಮನೆ, ಒಂದು ರೂಮು, ಒಂದು ಅಡುಗೆಮನೆ. ಮಂಗಳಗೌರಿ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಇಪ್ಪತ್ತೇಳು ಇಪ್ಪತ್ತೆಂಟರ ಹೆಣ್ಣು, ಬಡಕಲು ಮೈ, ತುಟಿ ಒಡೆದು ಸಿಪ್ಪೆ ಎದ್ದಿತ್ತು. ನನ್ನನ್ನು ನೋಡಿ ಗಾಬರಿಯಾಗಿ ಎದ್ದು ಚಾಪೆ ಹಾಸಿದಳು, ಬೇಡ ಬೇಡ ಅಂದರೂ ಕಾಫಿ ಕಾಯಿಸಿದಳು. ಯಾರಿಂದಲೋ ಕಲಿತಿದ್ದಳು, ಅಂಚಿಗೆ ಒಂದು ಬೆರಳು ಬಿಟ್ಟೇ ಬಗ್ಗಿಸಿದಳು. ಕಾಫಿ ಏರಲಿಲ್ಲ. ಒಂದು ಬೆರಳು ಖಾಲಿಯಾಗಿಯೇ ಲೋಟ ನನ್ನ ಕೈಗೆ ಬಂತು. ಅವಳು ಅದನ್ನು ನೋಡಿ ಕಣ್ಣು ಕೆಳಗೆ ಹಾಕಿದಳು.

"ಒಂದು ವಾರ ಆಯ್ತು ಮೇಡಂ, ನನ್ನ ಕೈಯಿಂದ ಒಂದು ತೊಟ್ಟೂ ಕುಡಿಯಲ್ಲ" ಅಂದಳು, ಹಂಸವೇಣಿ ಒಳಗೆ ಬಟ್ಟೆ ಬದಲಾಯಿಸಲು ಹೋದಾಗ. "ಏನು ತಪ್ಪು ಮಾಡಿದ್ನೋ ಗೊತ್ತಾಗ್ತಿಲ್ಲ. ಹಾಲು ಕಾಯಿಸಿ ಇಡ್ತೀನಿ, ಅವಳೇ ಬಗ್ಗಿಸ್ಕೋತಾಳೆ, ದಿನದಿನಕ್ಕೂ ಇಳಿದೋಗ್ತಿದೆ. ನೋಡ್ಕೊಂಡು ಹೆಂಗೆ ಸುಮ್ನಿರ್ಲಿ? ಬಗ್ಗಿಸುವಾಗ ದೇವರನ್ನ ಬೇಡ್ಕೊಂಡು ಉಸಿರು ಬಿಗಿ ಹಿಡಿದು ಬಗ್ಗಿಸ್ತಿದ್ದೆ. ಏರಲಿಲ್ಲ. ನನ್ನ ಕೈಯಲ್ಲೇ ಏನೋ ಐಬಿದೆ." 

ಅಷ್ಟು ಹೇಳಿ ಕೆಮ್ಮಿದಳು. ಪಕ್ಕದಲ್ಲಿದ್ದ ಚೊಂಬಿನಿಂದ ಲೋಟಕ್ಕೆ ನೀರು ಬಗ್ಗಿಸಿಕೊಂಡಳು. ಚೊಂಬಿನಿಂದ ಧಾರೆ ಬಿದ್ದದ್ದು ಬಹಳ, ಲೋಟದಲ್ಲಿ ಉಳಿದದ್ದು ಎರಡು ಗುಟುಕು. ಅದನ್ನು ಕುಡಿದು ಮತ್ತೆ ಬಗ್ಗಿಸಿಕೊಂಡಳು.

"ಸ್ವಲ್ಪ ತಡಿ ತಾಯಿ" ಅಂದೆ. "ನಿಂಗೆ ಯಾರು ಬಗ್ಗಿಸ್ತಾರೆ?"

"ನಂಗ್ಯಾರು ಬಗ್ಗಿಸ್ತಾರೆ ಮೇಡಂ? ನಾನೇ."

"ಯಾವಾಗಿಂದ?"

"ಬಂದಾಗಿಂದ. ನಿಮ್ಮೂರ ನೀರೇ ಹಿಂಗೆ ಅಂದ್ಕೊಂಡಿದ್ದೆ. ಹೊಸ್ತರಲ್ಲಿ ಮುಕ್ಕಾಲು ಲೋಟ ಉಳೀತಿತ್ತು. ಈಗ ನಾಲ್ಕು ಸಲ ಬಗ್ಗಿಸ್ಕೊಂಡ್ರೆ ಗಂಟಲು ನೆನೆಯುತ್ತೆ. ಮಗೂದು ಇಳಿಯೋಕೆ ಶುರುವಾದ ಮೇಲೇ ತಿಳಿದಿದ್ದು, ಇದು ನೀರಿಂದಲ್ಲ ಅಂತ."

"ಕರಿಯಣ್ಣ ಬಗ್ಗಿಸಲ್ವಾ?"

"ಅವರು ವಾರಕ್ಕೊಂದು ದಿನ ಸುಸ್ತಾಗಿ ಬರ್ತಾರೆ, ಬಂದವರಿಗೆ ನಾನೇ ಬಗ್ಗಿಸ್ತೀನಿ. ನಂಗೆ ಬಗ್ಗಿಸಿ ಅಂತ ಹೆಂಗೆ ಕೇಳ್ಲಿ? ಅಕ್ಕಪಕ್ಕದವರ ಪರಿಚಯ ಇಲ್ಲ. ಕೇಳಿದ್ರೆ ಏನಂದ್ಕೋತಾರೋ."

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಊರಿಗೆ ಊರೇ ಅವಳು ಮಗುವಿಗೆ ಎಷ್ಟು ಏರಿಸಿದಳು ಅಂತ ಅಳೆಯುತ್ತ ಕೂತಿತ್ತು. ಅವಳಿಗೆ ಯಾರು ಬಗ್ಗಿಸುತ್ತಾರೆ ಅಂತ ಒಬ್ಬರೂ, ನಾನೂ ಸೇರಿ, ಕೇಳಿರಲಿಲ್ಲ. ಎಂಟು ತಿಂಗಳು ಒಬ್ಬ ಹೆಣ್ಣುಮಗಳು ನಮ್ಮ ನಡುವೆ ಬಾಯಾರಿಕೊಂಡು ಬದುಕಿದ್ದಳು.

ನಾನು ಚೊಂಬಿಗೆ ಕೈ ಹಾಕುವಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಹಂಸವೇಣಿ ನಿಂತಿದ್ದು ಕಾಣಿಸಿತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ. ಒಳಗೆ ಹೋಗಿ ಎರಡು ಅಳತೆ ಕಪ್ಪು ತಂದಳು. ಒಂದರಲ್ಲಿ ಇನ್ನೂರರ ಗೆರೆ ತನಕ ನೀರು ತುಂಬಿಸಿ, ಚಿಕ್ಕಮ್ಮನ ಮುಂದಿಟ್ಟು, "ಇದನ್ನ ಇದಕ್ಕೆ ಬಗ್ಗಿಸ್ಕೋ" ಅಂದಳು. ಮಂಗಳಗೌರಿ ನನ್ನ ಮುಖ ನೋಡಿದಳು, ನಾನು ಹೂಂ ಅಂದೆ. ಬಗ್ಗಿಸಿಕೊಂಡಳು. ಹಂಸವೇಣಿ ನೆಲಕ್ಕೆ ಗಲ್ಲ ಊರಿ ಮಲಗಿ ಗೆರೆ ಓದಿದಳು.

"ತೊಂಬತ್ತು" ಅಂದಳು. ಎದ್ದು ಕೂತು ಮತ್ತೆ ಮಲಗಿ ನೋಡಿದಳು. "ತೊಂಬತ್ತೇ ಮಿಸ್. ನೂರಾಹತ್ತು ಕಮ್ಮಿ ಆಯ್ತು."

ಮೊದಲನೇ ಕಪ್ಪನ್ನು ಮತ್ತೆ ಗೆರೆ ತನಕ ತುಂಬಿಸಿದಳು. ಈ ಸಲ ಚಿಕ್ಕಮ್ಮನ ಕೈಗೆ ಕೊಡಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡು ತಾನೇ ಬಗ್ಗಿಸಿದಳು, ನಿಧಾನವಾಗಿ, ನಾಲಿಗೆಯ ತುದಿ ಕಚ್ಚಿಕೊಂಡು. ನಾನು ಬಾಯಿ ಬಿಡಲಿಲ್ಲ, ನನ್ನ ಮಟ್ಟಿಗೆ ಅದು ದೊಡ್ಡ ಸಾಧನೆ. ಬಗ್ಗಿಸಿ ಮುಗಿಸಿ ಮತ್ತೆ ಬೋರಲು ಮಲಗಿದಳು. "ಇನ್ನೂರು" ಅಂದಳು. ದನಿ ಸಣ್ಣಗಾಯಿತು. "ಏರಲಿಲ್ಲ."

"ಇದು ತುಂಬಾ ಇದೆಯಲ್ಲ ಮಗ" ಅಂದಳು ಮಂಗಳಗೌರಿ. ಕಪ್ಪು ಎತ್ತಿಕೊಂಡು ಒಂದೇ ಉಸಿರಿಗೆ ಕುಡಿದಳು. ಕುಡಿಯುವಾಗ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವುದಕ್ಕೂ ಕಪ್ಪು ಕೆಳಗಿಡಲಿಲ್ಲ. ಹಂಸವೇಣಿ ಅವಳ ಗಂಟಲನ್ನೇ ನೋಡುತ್ತಿದ್ದಳು.

ಆಮೇಲೆ ಚೀಲದಿಂದ ನೋಟ್‌ಬುಕ್ಕು, ಪೆನ್ಸಿಲು ತೆಗೆದಳು. ಬರೆಯಲು ಹೋಗಿ ನಿಲ್ಲಿಸಿದಳು. "ಮಿಸ್, ಇದನ್ನ ಸೊನ್ನೆ ಅಂತ ಬರೀಬೇಕಾ?"

"ನೀನೇ ಹೇಳು."

"ಚಿಕ್ಕಮ್ಮನೇ ಬಗ್ಗಿಸ್ಕೊಂಡಿದ್ರೆ ತೊಂಬತ್ತು. ನಾನು ಬಗ್ಗಿಸಿದ್ದಕ್ಕೆ ಇನ್ನೂರು. ನೂರಾಹತ್ತು ಜಾಸ್ತಿ ಆಯ್ತಲ್ಲ?" ಅಂದವಳು ಏನೋ ನೆನಪಾದ ಹಾಗೆ ಹಿಂದಿನ ಪುಟ ತಿರುಗಿಸಿದಳು. ನಿನ್ನೆಯ ಪುಟದ ನೂರಾ ನಲವತ್ತರ ಮೇಲೆ ಬೆರಳಿಟ್ಟಳು. ಚಿಕ್ಕಮ್ಮ ಬಗ್ಗಿಸುತ್ತಿದ್ದ ದಿನಗಳ ಪುಟಕ್ಕೆ ಹೋದಳು, ಮತ್ತೆ ಮುಂದಕ್ಕೆ ಬಂದಳು. ತುಟಿ ಅಲುಗುತ್ತಿತ್ತು, ಕಳೆಯುವ ಲೆಕ್ಕ ಮಾಡುತ್ತಿದ್ದಳು. "ನಾನು ಬಗ್ಗಿಸ್ಕೊಂಡ್ರೆ ನೂರಾ ನಲವತ್ತು. ಚಿಕ್ಕಮ್ಮ ಬಗ್ಗಿಸಿದ್ರೆ ಇನ್ನೂರು. ಅರವತ್ತು." ತಲೆ ಎತ್ತಿ ನನ್ನನ್ನು ನೋಡಿದಳು. "ಅದು ಸೊನ್ನೆ ಅಲ್ಲ ಮಿಸ್. ನೀವು ಸರಿ ಅಂತ ಹಾಕಿದ್ರಿ."

"ಹಾಕಿದ್ದೆ ಕಣೇ" ಅಂದೆ. "ತಪ್ಪು ನಂದೇ. ನಾವೆಲ್ಲ ಬಕೆಟ್ಟಿನಿಂದ ಎಣಿಸಿದ್ವಿ. ಬಕೆಟ್ಟಿಗೆ ಬಾಯಾರಿಕೆ ಆಗುತ್ತಾ? ಒಬ್ಬರೇ ಬಗ್ಗಿಸ್ಕೊಳ್ಳೋರಿಗೆ ಎಷ್ಟು ಉಳಿಯುತ್ತೋ ಅಲ್ಲಿಂದ ಎಣಿಸಬೇಕಾಗಿತ್ತು."

ಇಪ್ಪತ್ತೆರಡು ವರ್ಷ ಪಾಠ ಮಾಡಿದ ನನಗೆ ಇದು ಹೊಳೆದಿರಲಿಲ್ಲ. ಎಂಟು ವರ್ಷದ ಮಗು ನೆಲದ ಮೇಲೆ ಮಲಗಿಕೊಂಡು ಕಂಡುಹಿಡಿಯಿತು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಹಂಸವೇಣಿ ನನ್ನ ಕಡೆ ಗಮನ ಕೊಡಲಿಲ್ಲ. ಚಿಕ್ಕಮ್ಮನಿಗೆ ಇನ್ನೊಂದು ಕಪ್ಪು ಬಗ್ಗಿಸಿದಳು, ಅದು ಖಾಲಿಯಾದ ಮೇಲೆ ಮತ್ತೊಂದು. "ಸಾಕು ಮಗ, ಹೊಟ್ಟೆ ತುಂಬ್ತು" ಅಂತ ಮಂಗಳಗೌರಿ ಅಂದ ಮೇಲೆ ತನ್ನ ಲೋಟ ತಂದು ಅವಳ ಮುಂದೆ ಹಿಡಿದಳು. "ಈಗ ನಂಗೆ ಹಾಲು" ಅಂದಳು. ಮಂಗಳಗೌರಿ ಬಗ್ಗಿಸಿದಳು. ಏರಿತೋ ಬಿಟ್ಟಿತೋ ಯಾರೂ ನೋಡಲಿಲ್ಲ. ಹಂಸವೇಣಿ ನಿಂತಲ್ಲೇ ಗಟಗಟ ಕುಡಿದು ಅಂಗೈಯಲ್ಲಿ ಬಾಯಿ ಒರೆಸಿಕೊಂಡಳು. ನಾನು ಹೊರಡುವಾಗ ಆ ಸಾಲಿನ ಒಂದೊಂದು ಮನೆಯ ಬಾಗಿಲು ತಟ್ಟಿ, ಎಲ್ಲರಿಗೂ ಬಾಯಿಗೆ ಬಂದ ಹಾಗೆ ಬೈದು ಬಂದೆ. ಬೈಸಿಕೊಂಡವರು ಒಬ್ಬರೂ ಎದುರಾಡಲಿಲ್ಲ.

ಮರುದಿನ ಶುಕ್ರವಾರ ಪ್ರಾರ್ಥನೆ ಮುಗಿದು, ಹಾಜರಿ ಕರೆದು, ಮಗ್ಗಿ ಶುರುವಾದರೂ ಹಂಸವೇಣಿ ಬಂದಿರಲಿಲ್ಲ. ಒಂದು ದಿನವೂ ತಡ ಮಾಡಿದವಳಲ್ಲ. ಎಂಟರ ಮಗ್ಗಿಯ ನಡುವೆ ಓಡೋಡಿ ಬಂದು ಬಾಗಿಲಲ್ಲಿ ನಿಂತಳು. ಲಂಗದ ಮುಂಭಾಗವೆಲ್ಲ ಒದ್ದೆ.

"ಯಾಕೇ ಇಷ್ಟು ಹೊತ್ತು?"

"ನಾನು ಇಲ್ಲಿಗೆ ಬಂದ್ಮೇಲೆ ಚಿಕ್ಕಮ್ಮಂಗೆ ಬಗ್ಗಿಸೋರು ಯಾರು ಮಿಸ್? ಪಕ್ಕದ ಮನೆಗೆ ಹೋಗು ಅಂದ್ರೆ ನಾಚ್ಕೋತಾಳೆ. ಅದಕ್ಕೆ ಮನೇಲಿರೋ ಲೋಟಕ್ಕೆಲ್ಲ ಬಗ್ಗಿಸಿ ಇಟ್ಟು ಬಂದೆ." ಏದುಸಿರು ಬಿಡುತ್ತ ಬೆರಳು ಮಡಚಿದಳು. "ಹನ್ನೊಂದು ಲೋಟ. ಒಂದೊಂದಕ್ಕೆ ಇನ್ನೂರು. ಎರಡು ಲೀಟರ್ ಇನ್ನೂರು ಎಂ.ಎಲ್. ಸಂಜೆ ತನಕ ಸಾಕಾಗುತ್ತಾ ಮಿಸ್?"